ನನ್ನ ಮೇಲೆ ಅನುಮಾನ ಪಟ್ಟುಬಿಟ್ಟ

ನಮ್ಮಮ್ಮ ಡೇರಿಯಿಂದ ಬಂದು ಹಾಲಿನ ಕ್ಯಾನನ್ನು ಜಗಲಿ ಮೇಲೆ ಇಟ್ಟ ಸದ್ದು ಇನ್ನೂ ಕಿವಿಯಲ್ಲಿದೆ. ಇಟ್ಟಿದ್ದಲ್ಲ, ಕುಕ್ಕಿದ್ದು. ಸೆರಗಿನಲ್ಲಿ ಮುಖ ಒರೆಸಿಕೊಂಡು ಒಂದೇ ಮಾತು ಹೇಳಿದಳು. "ನನ್ನ ಮೇಲೆ ಅನುಮಾನ ಪಟ್ಟುಬಿಟ್ಟ."

ನಾನಾಗ ಏಳನೇ ಕ್ಲಾಸು. ಮುಳಬಾಗಿಲು ತಾಲ್ಲೂಕಿನ ಒಂದು ಸಣ್ಣ ಊರು ನಮ್ಮದು. ಮನೆಯಲ್ಲಿ ಎರಡು ಸೀಮೆಹಸು. ಒಂದು ಗಬ್ಬ, ಇನ್ನೊಂದೇ ಹಾಲು ಕೊಡುತ್ತಿತ್ತು. ಬೆಳಿಗ್ಗೆ ನಾಲ್ಕು ಲೀಟರ್, ಸಾಯಂಕಾಲ ಮೂರು. ಆ ದುಡ್ಡಿನಲ್ಲೇ ನನ್ನ ಪುಸ್ತಕ, ಅಂಗಡಿ ಸಾಲ, ಯುಗಾದಿ ಬಟ್ಟೆ ಎಲ್ಲ ಆಗಬೇಕು. ಅವತ್ತು ಬೆಳಿಗ್ಗೆ ಟೆಸ್ಟರ್ ಹಾಲಿಗೆ ಲ್ಯಾಕ್ಟೋಮೀಟರ್ (ಹಾಲು ಎಷ್ಟು ಗಟ್ಟಿ ಅಂತ ತೋರಿಸುವ ಗಾಜಿನ ಕೊಳವೆ) ಬಿಟ್ಟು ನೋಡಿದ್ದಾನೆ. 28ಕ್ಕೆ ನಿಲ್ಲಬೇಕಾದದ್ದು 26ಕ್ಕೆ ನಿಂತಿದೆ. ಹಿಂದೆ ಹತ್ತು ಹನ್ನೆರಡು ಜನ ಸಾಲಾಗಿ ನಿಂತಿದ್ದಾರೆ. ಅವನು ತಲೆ ಎತ್ತದೆ ಕೇಳಿದ್ದಾನೆ, "ಏಮಕ್ಕಾ, ನೀಳ್ಳು ಕಲಿಪಿನಾವಾ?"

ನಮ್ಮ ಕಡೆ ಕನ್ನಡಕ್ಕೂ ತೆಲುಗಿಗೂ ಮಧ್ಯೆ ಗೋಡೆ ಇಲ್ಲ. ಮನೆಯಲ್ಲಿ ಕನ್ನಡ, ಡೇರಿಯಲ್ಲಿ ತೆಲುಗು, ಜಗಳ ಎರಡರಲ್ಲೂ. ನೀರು ಬೆರೆಸಿದ್ದೀಯಾ ಅಕ್ಕಾ ಅಂತ ಕೇಳಿದ್ದು, ಅಷ್ಟೇ. ಬೈದಿಲ್ಲ. ಹಾಲು ವಾಪಸ್ ಕಳಿಸಿಲ್ಲ. ಅಕ್ಕಾ ಅಂತಾನೇ ಕರೆದಿದ್ದಾನೆ. ಆದರೂ ಅಮ್ಮ ಎರಡು ದಿನ ಆ ಕಡೆ ತಲೆ ಹಾಕಲಿಲ್ಲ. ನಾನೇ ಕ್ಯಾನ್ ಹೊತ್ತುಕೊಂಡು ಹೋಗಿದ್ದೆ.

ಆ ಎರಡು ದಿನದಲ್ಲಿ ಊರು ತನ್ನ ಲೆಕ್ಕ ಮುಗಿಸಿತ್ತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಪ್ಪು ಮಾಡಿಲ್ಲ ಅಂದ್ರೆ ಡೇರಿಗೆ ಯಾಕೆ ಬರಲ್ಲ? ಈ ಗಾದೆ ಮೇಲೆ ನನಗೆ ಆವಾಗಿನಿಂದ ಒಂದು ಸಿಟ್ಟಿದೆ. ನಾಲ್ಕು ಜನರ ಮುಂದೆ ಕಳ್ಳ ಅಂದರೆ ಕುಂಬಳಕಾಯಿ ಮುಟ್ಟದವನೂ ಹೆಗಲು ನೋಡಿಕೊಳ್ಳುತ್ತಾನೆ. ಬೂದಿ ಅಂಟಿದೆಯಾ ಅಂತ ಅಲ್ಲ, ಅಂಟಿದ ಹಾಗೆ ಕಾಣುತ್ತಿದೆಯಾ ಅಂತ.

ಆ ಮಾತನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೋ ಲೆಕ್ಕವಿಲ್ಲ. ಅಮ್ಮ "ಕೇಳಿದ" ಅನ್ನಲಿಲ್ಲ, "ಅಂದ" ಅನ್ನಲಿಲ್ಲ. ಅನುಮಾನ ಪಟ್ಟುಬಿಟ್ಟ ಅಂದಳು. ಆ "ಬಿಟ್ಟ"ದಲ್ಲಿ ಇನ್ನು ಸರಿಮಾಡಲಾಗದ್ದು ಏನೋ ಆಗಿಹೋಯಿತು ಅನ್ನುವ ದನಿ ಇತ್ತು. ಕೈಜಾರಿ ಬಿದ್ದು ಒಡೆದ ಮಡಕೆ ಬಗ್ಗೆ ಮಾತಾಡುವ ಹಾಗೆ.

ಕನ್ನಡದಲ್ಲಿ ಅನುಮಾನ ಹೇಗೆ ನಡೆದುಕೊಳ್ಳುತ್ತದೆ ಅಂತ ಸುಮ್ನೆ ಗಮನಿಸಿ. ಅದು ಬರುತ್ತದೆ. ಜ್ವರ ಬಂದ ಹಾಗೆ, ನಿದ್ದೆ ಬಂದ ಹಾಗೆ. ನನಗೆ ಅನುಮಾನ ಬಂತು ಅಂದರೆ ನಾನೇನೂ ಮಾಡಿಲ್ಲ, ಅದೇ ಬಂತು. ನಂಬುವುದು ಹಾಗಲ್ಲ. ಅವರನ್ನು ನಂಬಿದೆ ಅಂದರೆ ನಂಬಿದ್ದು ನಾನೇ, ಕೆಟ್ಟರೆ ಹೊಣೆಯೂ ನನ್ನದೇ. ನಂಬಿಕೆಯನ್ನು ನಾವು ಇಡುತ್ತೇವೆ, ಯಾರದೋ ಮನೆಯಲ್ಲಿ ಗಂಟು ಇಟ್ಟ ಹಾಗೆ. ಅನುಮಾನವನ್ನು ಯಾರೂ ಇಡುವುದಿಲ್ಲ. ಬಂದ ಮೇಲೆ ಪಡುತ್ತೇವೆ, ಕಷ್ಟ ಪಟ್ಟ ಹಾಗೆ, ಸಂಕಟ ಪಟ್ಟ ಹಾಗೆ. (ಸಂತೋಷವನ್ನೂ ಪಡುತ್ತೇವೆ, ಒಪ್ಪಿದೆ. ಈ ತರದ ಲೆಕ್ಕ ಪೂರ್ತಿ ಕೂಡುವುದಿಲ್ಲ.) ಪಡುವವನು ಒಬ್ಬ. ಅದರ ಭಾರ ಬೀಳುವುದು ಮಾತ್ರ ಇನ್ನೊಬ್ಬರ "ಮೇಲೆ".

ಮನುಷ್ಯರ ಮೇಲೆ ಬೀಳದ ಅನುಮಾನವೂ ಉಂಟು. "ಮಾವ ಇವತ್ತು ಬರೋದು ಅನುಮಾನ" ಅಂದರೆ ಮಾವನ ಮೇಲೆ ಯಾರಿಗೂ ಸಿಟ್ಟಿಲ್ಲ, ಬಸ್ಸು ಸಿಕ್ಕಿಲ್ಲದೆ ಇರಬಹುದು. "ಅನುಮಾನಿಸುತ್ತಾ ಬಾಗಿಲಲ್ಲೇ ನಿಂತ" ಅಂದರೆ ಒಳಗೆ ಬರಲು ಹಿಂಜರಿದ. ಆಸ್ಪತ್ರೆಯಿಂದ ಬಂದವರು ದನಿ ತಗ್ಗಿಸಿ "ಉಳಿಯೋದು ಅನುಮಾನ" ಅಂದರೆ ಮನೆಯವರು ಮುಂದೆ ಏನೂ ಕೇಳುವುದಿಲ್ಲ. ಈ ಜಾಗಗಳಲ್ಲೆಲ್ಲ ಈಗ ಡೌಟು ಬಂದು ಕೂತಿದೆ. ಕ್ಲಾಸಿನಲ್ಲಿ ಡೌಟ್ ಕೇಳುತ್ತೇವೆ, ಕೇಳಿದ ಹುಡುಗನನ್ನು ಮೇಷ್ಟ್ರು ಮೆಚ್ಚುತ್ತಾರೆ. ಅದೇ ಹುಡುಗ "ಸಾರ್, ನನಗೆ ನಿಮ್ಮ ಮೇಲೆ ಅನುಮಾನ" ಅಂದು ನೋಡಲಿ! ಡೌಟು ಮೆತ್ತಗಿನ ಕೆಲಸಗಳನ್ನೆಲ್ಲ ತಾನು ಇಟ್ಟುಕೊಂಡು, ಚುಚ್ಚುವ ಕೆಲಸವನ್ನು ಅನುಮಾನಕ್ಕೆ ಬಿಟ್ಟುಕೊಟ್ಟಿದೆ.

ಪಿಯುಸಿಗೆ ಕೋಲಾರಕ್ಕೆ ಬಂದಾಗ ಈ ಮಾತು ಇನ್ನೊಂದು ವೇಷದಲ್ಲಿ ಸಿಕ್ಕಿತು. ತರ್ಕಶಾಸ್ತ್ರದ ಮೇಷ್ಟ್ರು ಬೋರ್ಡಿನ ಮೇಲೆ "ಅನುಮಾನ" ಅಂತ ದೊಡ್ಡದಾಗಿ ಬರೆದಾಗ ಹಿಂದಿನ ಬೆಂಚಿನವರು ನಕ್ಕರು. ಮೇಷ್ಟ್ರಿಗೆ ಯಾರ ಮೇಲೆ, ಅಂತ. ಅವರು ಕಿಟಕಿಯಾಚೆ ಕಾಣುತ್ತಿದ್ದ ಅಂತರಗಂಗೆ ಬೆಟ್ಟ ತೋರಿಸಿದರು. ಅಲ್ಲಿ ಹೊಗೆ ಕಂಡರೆ ಏನಂತೀರಿ? ಬೆಂಕಿ ಬಿದ್ದಿದೆ ಅಂತೀವಿ ಸಾರ್. ಬೆಂಕಿ ಕಂಡಿರಾ? ಇಲ್ಲ. ಅದೇ ಅನುಮಾನ.

ನ್ಯಾಯದರ್ಶನದಲ್ಲಿ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದಲ್ಲಿ, ತಿಳಿವಳಿಕೆಗೆ ನಾಲ್ಕು ದಾರಿ. ಕಣ್ಣಾರೆ ಕಂಡದ್ದು ಪ್ರತ್ಯಕ್ಷ. ಕಂಡದ್ದರ ಬೆನ್ನು ಹಿಡಿದು ಕಾಣದ್ದನ್ನು ಅಳೆಯುವುದು ಅನುಮಾನ. ಆಮೇಲೆ ಹೋಲಿಕೆಯಿಂದ ತಿಳಿಯುವ ಉಪಮಾನ, ನಂಬಬಹುದಾದವರ ಮಾತಿನಿಂದ ತಿಳಿಯುವ ಶಬ್ದ. ಅನು ಅಂದರೆ ಹಿಂದೆ, ಮಾನ ಅಂದರೆ ಅಳತೆ. ಬೆಟ್ಟದಲ್ಲಿ ಬೆಂಕಿ ಇದೆ. ಯಾಕೆ? ಹೊಗೆ ಇದೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯ ಹಾಗೆ. ಈ ಬೆಟ್ಟದಲ್ಲೂ ಹಾಗೇ ಹೊಗೆ. ಆದ್ದರಿಂದ ಬೆಂಕಿ ಇದೆ. ಐದು ಮೆಟ್ಟಿಲು. ಒಂದು ಮೆಟ್ಟಿಲು ತಪ್ಪಿದರೂ ಜಾರಿ ಬೀಳುತ್ತೀರಿ ಅನ್ನುತ್ತಿದ್ದರು. ಅದನ್ನೇ ಉಲ್ಟಾ ಮಾಡಿ "ಎಲ್ಲಿ ಬೆಂಕಿಯೋ ಅಲ್ಲಿ ಹೊಗೆ" ಅಂದರೆ ಕೆಟ್ಟಿತು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಉಂಟು, ಹೊಗೆ ಇಲ್ಲ. ಹೊಗೆ ಬರಬೇಕಾದರೆ ಸೌದೆ ಹಸಿ ಇರಬೇಕು. ಈ ಹಸಿ ಸೌದೆಯ ಮಾತು ನನ್ನ ಆವಿಷ್ಕಾರ ಅಲ್ಲ, ಹಳೆಯ ನೈಯಾಯಿಕರದ್ದೇ. ಚಾರ್ವಾಕರಂತೂ ಇದನ್ನೆಲ್ಲ ಒಪ್ಪಲೇ ಇಲ್ಲ. ಕಣ್ಣಿಗೆ ಕಂಡದ್ದಷ್ಟೇ ನಿಜ ಅಂದರು.

ಅಷ್ಟು ಮರ್ಯಾದೆಯ ಮಾತು ನಮ್ಮ ಊರಿಗೆ ಬರುವಷ್ಟರಲ್ಲಿ ಏನಾಯಿತು? ಹಿಂದಿಯಲ್ಲಿ ಅದು ಇನ್ನೂ ಮರ್ಯಾದೆಯಿಂದಲೇ ಇದೆ. ಟಿವಿಯಲ್ಲಿ ನಾಳೆಯ ಹವಾಮಾನ ಹೇಳುವುದಕ್ಕೆ ಅವರು ಪೂರ್ವಾನುಮಾನ್ ಅನ್ನುತ್ತಾರೆ. ಅಂದಾಜು, ಲೆಕ್ಕ, ಅಷ್ಟೇ. ನಮ್ಮಲ್ಲಿ ಮಳೆಗೂ ಅನುಮಾನಕ್ಕೂ ಇರುವ ನಂಟು ಒಂದೇ, "ಈ ಸಲಾನೂ ಮಳೆ ಅನುಮಾನ". ತೆಲುಗಿನಲ್ಲಿ ನಮಗಿಂತ ಒಂದು ಕೈ ಮುಂದೆ. "ಅನುಮಾನಂ ಪೆನುಭೂತಂ" ಅಂತ ಅವರ ಗಾದೆ. ಅನುಮಾನ ಅನ್ನೋದು ದೊಡ್ಡ ದೆವ್ವ. ಸದಾ ಅನುಮಾನ ಪಡುವವನನ್ನು ಅವರು ಅನುಮಾನದ ಪಕ್ಷಿ ಅನ್ನುತ್ತಾರೆ, ನಾವು ಅನುಮಾನದ ಪ್ರಾಣಿ ಅನ್ನುತ್ತೇವೆ. ನಮ್ಮ ತಾಲ್ಲೂಕಿನಲ್ಲಿ ಒಬ್ಬನೇ ಮನುಷ್ಯ ಬೆಳಿಗ್ಗೆ ಪಕ್ಷಿ, ಸಾಯಂಕಾಲ ಪ್ರಾಣಿ ಆಗಿರುವುದುಂಟು.

ಹಾಗಂತ ಬರೀ ಸಂಸ್ಕೃತದ ಮಾತನ್ನೇ ನಾವು ಕೆಡಿಸಿದೆವು ಅಂತಲ್ಲ. ಗುಮಾನಿ ನೋಡಿ. ಪಾರಸಿಯ ಗುಮಾನ್ ಅಂದರೆ ಯೋಚನೆ, ಎಣಿಕೆ, ಊಹೆ. ಉರ್ದುವಿನಲ್ಲಿ ಕೆಟ್ಟ ಅರ್ಥ ಬೇಕಿದ್ದರೆ ಮುಂದೆ "ಬದ್" ಸೇರಿಸಿ ಬದ್‌ಗುಮಾನಿ ಅನ್ನುತ್ತಾರೆ. ಶಿಡ್ಲಘಟ್ಟದ ಕಡೆ ರೇಷ್ಮೆ ಗೂಡಿನ ವ್ಯಾಪಾರ ಮಾಡಿ ಹಣ್ಣಾದ ಒಬ್ಬರು ಸಾಬರು, "ವ್ಯಾಪಾರದಲ್ಲಿ ಗುಮಾನ್ ಇರಬೇಕು, ಬದ್‌ಗುಮಾನಿ ಇರಬಾರದು" ಅನ್ನುತ್ತಿದ್ದರು. ಗೂಡು ಕೈಯಲ್ಲಿ ಹಿಡಿದು, ಒತ್ತಿ, ಕಿವಿ ಹತ್ತಿರ ಅಲ್ಲಾಡಿಸಿ ನೋಡುವುದು ಗುಮಾನ್. ತಂದ ರೈತನ ಮುಖ ನೋಡುವುದು ಬದ್‌ಗುಮಾನಿ. ಅವರು ಹೀಗೆ ಬಿಡಿಸಿ ಹೇಳಲಿಲ್ಲ, ನಾನೇ ಅರ್ಥ ಮಾಡಿಕೊಂಡದ್ದು. ನಮಗಂತೂ ಆ "ಬದ್" ಬೇಕಾಗಲೇ ಇಲ್ಲ. ಗುಮಾನಿ ಅಂದರೇ ಸಾಕು, ಕತ್ತಲಲ್ಲಿ ಯಾರೋ ಟಾರ್ಚ್ ಬಿಟ್ಟ ಹಾಗೆ. ಒಂದು ಮಾತು ಉತ್ತರದ ಶಾಸ್ತ್ರದಿಂದ ಬಂತು, ಇನ್ನೊಂದು ಪಶ್ಚಿಮದ ದರ್ಬಾರಿನಿಂದ. ಎರಡೂ ನಮ್ಮ ಜಗಲಿಗೆ ಬಂದು ಒಂದೇ ಕಡೆ ಕೂತವು.

ಉಳಿದ ಅಣ್ಣತಮ್ಮಂದಿರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶಂಕೆ ಪೇಪರಿನ ಮಾತು. "ಕೊಲೆ ಶಂಕೆ", "ಶಂಕಿತ ಡೆಂಗಿ". ಮಾತಿನಲ್ಲಿ ಅದು ಉಳಿದಿರುವುದು ಲಘುಶಂಕೆಯಲ್ಲಿ ಮಾತ್ರ ಅನಿಸುತ್ತದೆ. ಅಪನಂಬಿಕೆ ಸಂಪಾದಕೀಯದ ಮಾತು. ಅಚ್ಚ ಕನ್ನಡದ ನಂಬಿಕೆಯ ತಲೆಗೆ ಸಂಸ್ಕೃತದ "ಅಪ" ಕಟ್ಟಿದ್ದಾರೆ. ನಮ್ಮೂರಲ್ಲಿ ಯಾರೂ "ನನಗೆ ನಿನ್ನ ಬಗ್ಗೆ ಅಪನಂಬಿಕೆ ಇದೆ" ಅಂತ ಜಗಳ ಶುರು ಮಾಡಿದ್ದು ನಾನು ಕೇಳಿಲ್ಲ. "ನಿನ್ನ ನಂಬಲ್ಲ ಹೋಗೋ" ಅನ್ನುತ್ತಾರೆ, ಮುಗಿಯಿತು.

ಅವಿಶ್ವಾಸದ ಕತೆ ಮಾತ್ರ ಬೇರೆ. ಪುಸ್ತಕದಲ್ಲಿ ವಿಶ್ವಾಸ ಅಂದರೆ ನಂಬಿಕೆ. ನಮ್ಮ ಬಾಯಲ್ಲಿ ವಿಶ್ವಾಸ ಅಂದರೆ ಪ್ರೀತಿ, ಒಡನಾಟ. "ಊಟ ದೊಡ್ಡದಲ್ಲ, ವಿಶ್ವಾಸ ದೊಡ್ಡದು" ಅಂತಾರೆ. "ಅವರೂ ನಾವೂ ವಿಶ್ವಾಸದಲ್ಲಿದೀವಿ" ಅಂದರೆ ಮದುವೆ ಮುಂಜಿಗೆ ಹೋಗಿಬಂದು ಇದೆ ಅಂತ. ಸಾಲ ಕೊಡದವರ ಜೊತೆಗೂ ವಿಶ್ವಾಸ ಇರಬಹುದು. ಹಾಗಾಗಿ 2019ರ ಜುಲೈ 23ರಂದು ವಿಧಾನಸಭೆಯಲ್ಲಿ ವಿಶ್ವಾಸಮತ 99 – 105ರಲ್ಲಿ ಬಿದ್ದು ಸರ್ಕಾರ ಹೋದಾಗ, ಟಿವಿ ಮುಂದೆ ಕೂತಿದ್ದ ಅಮ್ಮ ಕೇಳಿದ್ದು, "ಅವರವರಲ್ಲೇ ವಿಶ್ವಾಸ ಇಲ್ವಂತಾ? ಮಾತೂ ಆಡಲ್ವಾ?" ನಾನು ನಕ್ಕೆ. ಆಮೇಲೆ ಯೋಚಿಸಿದರೆ ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು?

ಡೇರಿಗೆ ವಾಪಸ್ ಬರುತ್ತೇನೆ. ತರ್ಕಶಾಸ್ತ್ರ ಓದಿದ ಮೇಲೆ ನನಗೆ ಒಂದು ಹಟ ಹತ್ತಿತು. ಅಮ್ಮನ ಕೇಸನ್ನು ಗೆಲ್ಲಿಸಬೇಕು ಅಂತ. ಲ್ಯಾಕ್ಟೋಮೀಟರ್ ಅನ್ನೋದು ಅಳೆಯುವುದು ನೀರನ್ನಲ್ಲ, ಹಾಲಿನ ಸಾಂದ್ರತೆಯನ್ನು. ನೀರು ಬೆರೆಸಿದರೆ ಹಾಲು ತೆಳ್ಳಗಾಗಿ ಅದು ಆಳಕ್ಕೆ ಮುಳುಗುತ್ತದೆ, ನಿಜ. ಆದರೆ ಆಗ ತಾನೇ ಕರೆದ ಬೆಚ್ಚಗಿನ ಹಾಲಿನಲ್ಲೂ ಸ್ವಲ್ಪ ಜಾಸ್ತಿ ಮುಳುಗುತ್ತದೆ. ಬೇಸಿಗೆಯ ಧಗೆಗೆ ಹಸುವಿನ ಹಾಲಿನಲ್ಲಿ ಕೊಬ್ಬೂ ಕಡಿಮೆಯಾಗುತ್ತದೆ, ಉಳಿದ ಗಟ್ಟಿ ಅಂಶವೂ ಕಡಿಮೆಯಾಗುತ್ತದೆ. ಮೇವು ಸಾಲದಿದ್ದರೂ ಹಾಗೇ. ಆ ವರ್ಷ ರಾಗಿ ಹುಲ್ಲಿಗೆ ಬರ ಬಂದಿತ್ತು, ಒಂದೊಂದು ಕಂತೆಯನ್ನೂ ಎಣಿಸಿ ಹಾಕುತ್ತಿದ್ದೆವು. ಇನ್ನೂ ಒಂದು ತಮಾಷೆ ಕೇಳಿ. ಕೆನೆ ತೆಗೆದರೆ ಹಾಲು ಇನ್ನೂ ಭಾರವಾಗುತ್ತದೆ, ಯಾಕೆಂದರೆ ಕೊಬ್ಬು ನೀರಿಗಿಂತ ಹಗುರ. ಅಂದರೆ ಕೆನೆ ತೆಗೆದು ಅಷ್ಟು ನೀರು ಹಾಕಿದರೆ ಲ್ಯಾಕ್ಟೋಮೀಟರ್ ಸದ್ದಿಲ್ಲದೆ 28ಕ್ಕೇ ನಿಲ್ಲುತ್ತದೆ. ಪಕ್ಕಾ ಕಳ್ಳ ಪಾಸ್, ಬಡವಿ ಫೇಲ್. ಅದಕ್ಕೇ ಕೊಬ್ಬನ್ನು ಬೇರೆ ಅಳೆಯುವುದು. ಈಗ ಹಸುವಿನ ಹಾಲಿಗೆ ಕೊಬ್ಬು ಶೇಕಡಾ 3.5, ಉಳಿದ ಗಟ್ಟಿ ಅಂಶ ಶೇಕಡಾ 8.5 ಅಂತ ಲೆಕ್ಕ ಹಿಡಿದು, ಯಂತ್ರದ ಚೀಟಿ ನೋಡಿ ದುಡ್ಡು ಕೊಡುತ್ತಾರೆ. ಯಂತ್ರಕ್ಕೆ ತೆಲುಗೂ ಬರಲ್ಲ, ಅಕ್ಕಾ ಅನ್ನುವುದೂ ಗೊತ್ತಿಲ್ಲ. ಎಷ್ಟೋ ವಾಸಿ.

ಎಲ್ಲಿ ಲ್ಯಾಕ್ಟೋಮೀಟರ್ ಮುಳುಗಿತೋ ಅಲ್ಲಿ ನೀರು ಬೆರೆಸಿದ್ದಾರೆ, ಅನ್ನುವುದು ಆ ಟೆಸ್ಟರ್‌ನ ತರ್ಕ. ಹಸಿ ಸೌದೆಯನ್ನು ಮರೆತಿದ್ದ. ಇನ್ನೂ ಒಂದು ಹಾರಿಕೆ ಇತ್ತು ಅದರಲ್ಲಿ. ಹೊಗೆ ಕಂಡವನು ಬೆಟ್ಟದಲ್ಲಿ ಬೆಂಕಿ ಇದೆ ಅಂತ ಹೇಳಬಹುದು. ಹಚ್ಚಿದ್ದು ಯಾರು ಅಂತ ಹೊಗೆ ಹೇಳುವುದಿಲ್ಲ. ಶಾಸ್ತ್ರದ ಅನುಮಾನ ಬೆಟ್ಟದ ಬಗ್ಗೆ. ನಮ್ಮ ಅನುಮಾನ ಬೆಟ್ಟದ ದಾರಿಯಲ್ಲಿ ಇಳಿದು ಬರುತ್ತಿರುವ ಹೆಂಗಸಿನ ಮೇಲೆ.

ಇದನ್ನು ನಾನು ದೊಡ್ಡ ಮಟ್ಟದಲ್ಲಿ ನೋಡಿದ್ದು ಕೆ.ಸಿ. ವ್ಯಾಲಿ ನೀರು ಬಂದಾಗ. ಬೆಂಗಳೂರಿನ ಕೋರಮಂಗಲ – ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧಮಾಡಿ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ. ದಿನಕ್ಕೆ 44 ಕೋಟಿ ಲೀಟರಿನ ಲೆಕ್ಕ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಿತ್ತು. ಸಾವಿರ ಅಡಿ ಕೊರೆದರೂ ಬರೀ ಧೂಳು ಕಂಡ ಜನ ನಾವು. ಕೆರೆಗೆ ನೀರು ಬಂದದ್ದು ನೋಡಲು ಹಬ್ಬಕ್ಕೆ ಹೋದ ಹಾಗೆ ಹೋದರು, ನಾನೂ ಹೋಗಿದ್ದೆ. ಮುಂದಿನ ತಿಂಗಳಲ್ಲೇ ಕೆರೆಯಲ್ಲಿ ನೊರೆ ಎದ್ದಿತು.

ನೊರೆ! ಕರೆದ ಹಾಲಿನ ಮೇಲೆ ನೊರೆ ನಿಂತಿದ್ದರೆ ನಾವು ನಂಬುವವರು. ಕೆರೆಯಲ್ಲಿ ಅದೇ ಬಿಳುಪು ಕಂಡು ಎದೆ ಧಸಕ್ಕೆಂದಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಗೊತ್ತಿದ್ದವರೇ. ವಿಷಯ ಹೈಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಒಂದು ಕಡೆಯವರು, ಮೊದಲು ಅಂತರ್ಜಲ ಏಳಲಿ ಅಂತ ಇನ್ನೊಂದು ಕಡೆಯವರು. ನೊರೆ ಇದೆ, ಆದ್ದರಿಂದ ನೀರಿನಲ್ಲಿ ಏನೋ ಇದೆ ಅನ್ನುವುದು ಒಳ್ಳೆಯ, ಶಾಸ್ತ್ರದ ಅನುಮಾನ. ಹೊಗೆ ಕಂಡು ಬೆಂಕಿ ಅಂದ ಹಾಗೆ. ಆದರೆ ಹಳ್ಳಿ ಕಟ್ಟೆಯಲ್ಲಿ ಅದು ಎಷ್ಟು ಬೇಗ ನೀರನ್ನು ಬಿಟ್ಟು ಮನುಷ್ಯರ ಮೇಲೆ ಹತ್ತಿತು ಗೊತ್ತಾ? ಪ್ರಶ್ನೆ ಕೇಳಿದವನಿಗೆ "ನಿನಗೆ ನೀರು ಬೇಡ್ವಾ? ನಿನ್ನ ಹಿಂದೆ ಯಾರಿದ್ದಾರೆ?" ಅಂದರು. ನೀರು ಒಳ್ಳೆಯದು ಅಂದವನಿಗೆ "ಎಷ್ಟು ತಗೊಂಡೆ?" ಅಂದರು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದವನ ಪಾಡು ಎಲ್ಲರದೂ ಆಯಿತು. ಕೆರೆಯ ಒಂದು ಬಾಟಲಿ ನೀರು ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿಸೋಣ ಅಂದವರು ನಮ್ಮ ಕಟ್ಟೆಯಲ್ಲಿ ಒಬ್ಬರೂ ಇರಲಿಲ್ಲ. ನಾನೂ ಅನ್ನಲಿಲ್ಲ.

ಇಷ್ಟೆಲ್ಲ ಹೇಳಿ ಒಂದನ್ನು ಮುಚ್ಚಿಟ್ಟಿದ್ದೇನೆ. ಮೇಲೆ ಹೇಳಿದ ಧಗೆ, ಮೇವು, ಬೆಚ್ಚಗಿನ ಹಾಲು ಎಲ್ಲ ನಿಜ. ವರ್ಷಗಟ್ಟಲೆ ಒಂದೊಂದಾಗಿ ಹೆಕ್ಕಿ ಇಟ್ಟುಕೊಂಡದ್ದು. ಯಾಕೆ ಹೆಕ್ಕಿದೆ ಅಂದರೆ, ಅವತ್ತು ಕ್ಯಾನ್ ತೊಳೆದದ್ದು ನಾನು. ಶಾಲೆಗೆ ಹೊತ್ತಾಗಿತ್ತು. ತೊಳೆದು ಬೋರಲು ಹಾಕಿದೆನಾ, ಹಾಗೇ ಇಟ್ಟು ಓಡಿದೆನಾ, ನೆನಪಿಲ್ಲ. ನಾಲ್ಕು ಲೀಟರ್ ಹಾಲು 28ರಿಂದ 26ಕ್ಕೆ ಇಳಿಯಲು ಒಂದು ದೊಡ್ಡ ಲೋಟ ನೀರು ಸಾಕು. ಈ ಲೆಕ್ಕವನ್ನು ಎಷ್ಟೋ ಸಲ ಮಾಡಿದ್ದೇನೆ. ಅದಾದ ಮೇಲೆ ಅಮ್ಮ ಕ್ಯಾನ್ ತೊಳೆಯುವ ಕೆಲಸ ನನಗೆ ಕೊಡಲಿಲ್ಲ. ಹುಡುಗ ಓದಿಕೊಳ್ಳಲಿ ಅಂತ ಇರಬಹುದು.

ಈಗ ಅಮ್ಮ ನನ್ನ ಜೊತೆ ಕೋಲಾರದಲ್ಲೇ ಇದ್ದಾಳೆ. ಹಸು ಇಲ್ಲ, ಪ್ಯಾಕೆಟ್ ಹಾಲು. ಆದರೂ ದಿನಾ ಬೆಳಿಗ್ಗೆ ಪ್ಯಾಕೆಟ್ ಕತ್ತರಿಸಿದ ಕೂಡಲೇ ಒಂದು ತೊಟ್ಟು ಹೆಬ್ಬೆಟ್ಟಿನ ಉಗುರಿನ ಮೇಲೆ ಬಿಟ್ಟುಕೊಂಡು ಓರೆ ಮಾಡಿ ನೋಡುತ್ತಾಳೆ. ನೀರಿದ್ದರೆ ಸರ್ರಂತ ಜಾರುತ್ತದೆ, ಗಟ್ಟಿ ಹಾಲಾದರೆ ನಿಧಾನಕ್ಕೆ ಬಿಳಿ ಗೆರೆ ಬಿಟ್ಟು ಇಳಿಯುತ್ತದೆ. "ಏನಮ್ಮಾ, ಪ್ಯಾಕೆಟ್ ಮೇಲೂ ಅನುಮಾನನಾ?" ಅಂದೆ ಮೊನ್ನೆ.

"ಇಲ್ಲ ಕಣೋ, ಸುಮ್ನೆ ನೋಡ್ತೀನಿ."

ಅದೇ ಸಮಯ ಅನಿಸಿ ಕೇಳಿಬಿಟ್ಟೆ. ಅವತ್ತು ಡೇರಿಯಲ್ಲಿ ಹಾಗಾದಾಗ ನನ್ನ ಮೇಲೆ ಏನಾದರೂ ಅನುಮಾನ ಬಂದಿತ್ತಾ, ಕ್ಯಾನ್ ತೊಳೆದವನು ನಾನಲ್ವಾ ಅಂತ.

ಅಮ್ಮ ಉಗುರಿನಿಂದ ಕಣ್ಣು ತೆಗೆಯಲಿಲ್ಲ. "ಅನುಮಾನ ಯಾಕೆ ಬರುತ್ತೆ? ನೋಡಿದ್ನಲ್ಲ. ಹಾಲು ಹುಯ್ದ ಮೇಲೆ ನೋಡಿದೆ, ಕ್ಯಾನ್ ಒಳಗಡೆ ಎಲ್ಲ ಒದ್ದೆ. ನಾಲ್ಕು ಲೀಟರ್ ಚೆಲ್ಲೋಕಾಗುತ್ತಾ?"

"ಮತ್ತೆ ಅವನ ಮೇಲೆ ಅಷ್ಟು ಸಿಟ್ಟು ಮಾಡಿಕೊಂಡೆ?"

"ನೀರಿದೆಯಾ ಅಂತ ಕೇಳಿದ್ರೆ ಹೂಂ ಅಂತಿದ್ದೆ. ಬೆರೆಸಿದ್ದೀಯಾ ಅಂದ."

ಪಾತ್ರೆ ಒಲೆ ಮೇಲಿಟ್ಟಳು. ಉಕ್ಕುತ್ತೆ, ನೋಡ್ಕೋ ಅಂದು ತುಳಸಿಗೆ ನೀರು ಹಾಕಲು ಹೋದಳು.